ಫ್ಯಾನಿನ ಆರ್ಭಟವೂ ಅವಸರದ ತೀರ್ಪೂ

ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ಸದ್ದುಮಾಡತೊಡಗಿ, ಕೆಲಸ ನಿಧಾನವಾದೊಡನೆಯೇ ‘ಇದರ ಕಾಲ ಮುಗಿಯಿತು, ಹೊಸದನ್ನೇ ಕೊಳ್ಳಿ’ ಎಂದು ಹೇಳಿಬಿಡುವ ವಾಡಿಕೆಯೊಂದು ನಮ್ಮ ಪೇಟೆಗಳಲ್ಲಿ ಬೇರೂರುತ್ತಿದೆ. ಕಾರಣವನ್ನು ಅರಸದೆ ಕೊಡುವ ಇಂತಹ ತೀರ್ಪು ಅನ್ಯಾಯವಾದುದು. ಮಗಳ ವಿದ್ಯಾಭ್ಯಾಸಕ್ಕೆಂದು ಸಾಲಮಾಡಿ ಯಂತ್ರವನ್ನು ತಂದ ರೈತ ಕುಟುಂಬಕ್ಕಂತೂ ಅದು ಹೊರಲಾರದ ಹೊರೆ.

ಶಿವಗಂಗೆ ಬೆಟ್ಟದಂತಹ ತಂಪಾದ ಸ್ಥಳದಲ್ಲಿ ಫ್ಯಾನು ಹೀಗೆ ಅರಚುವಷ್ಟು ಯಂತ್ರ ಬಿಸಿಯಾಗುವುದೇಕೆ ಎಂದು ಕೇಳುವವರುಂಟು. ಗಂಗಾಧರೇಶ್ವರನ ಸನ್ನಿಧಿಯನ್ನು ದಾಟಿ, ಒಳಕಲ್ ತೀರ್ಥವನ್ನು ಕಂಡು, ಮೇಲಕ್ಕೆ ಹತ್ತಿದ ಯಾತ್ರಿಕನ ಬೆವರನ್ನು ಆರಿಸುವ ಬೆಟ್ಟದ ಗಾಳಿ ಲ್ಯಾಪ್‌ಟಾಪಿನ ಒಡಲನ್ನು ತಾನಾಗಿ ಹೊಗಲಾರದು. ಪ್ರೊಸೆಸರು ಸೇವಿಸುವ ವಿದ್ಯುತ್ತು ಬಹುಮಟ್ಟಿಗೆ ಶಾಖವಾಗಿಯೇ ಪರಿಣಮಿಸುತ್ತದೆ. ಆ ಶಾಖವನ್ನು ತಾಮ್ರದ ಕೊಳವೆಯೊಂದು ಅಂಚಿನ ತೆಳು ಲೋಹಪಟ್ಟಿಗಳಿಗೆ ಒಯ್ಯುತ್ತದೆ. ಫ್ಯಾನು ಅದನ್ನು ಅಲ್ಲಿಂದ ಹೊರಕ್ಕೆ ನೂಕುತ್ತದೆ. ಆದುದರಿಂದ ವಿಚಾರಿಸಬೇಕಾದುದು ಎರಡೇ ಸಂಗತಿ: ಶಾಖ ಅತಿಯಾಗಿ ಹುಟ್ಟುತ್ತಿದೆಯೇ, ಅಥವಾ ಹುಟ್ಟಿದ ಶಾಖಕ್ಕೆ ಹೊರಹೋಗುವ ದಾರಿಯಿಲ್ಲವೇ?

ಮೊದಲನೆಯದನ್ನು ತಿಳಿಯಲು ಕಾಸಿನ ಖರ್ಚಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ‘ಸಿಪಿಯು’ ಎಂಬ ತಲೆಬರಹವನ್ನು ಒತ್ತಿದರೆ ಪ್ರೊಸೆಸರನ್ನು ಅತ್ಯಧಿಕವಾಗಿ ದುಡಿಸುತ್ತಿರುವ ತಂತ್ರಾಂಶ ಎಲ್ಲಕ್ಕಿಂತ ಮೇಲೆ ಬಂದು ನಿಲ್ಲುತ್ತದೆ. ಅದು ವಿಂಡೋಸ್ ಅಪ್‌ಡೇಟ್ ಆಗಿದ್ದರೆ, ಇಲ್ಲವೆ ವೈರಸ್ ತಪಾಸಣೆಯ ‘ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಆಗಿದ್ದರೆ, ಚಾರ್ಜರಿಗೆ ಹಾಕಿಟ್ಟು ಕೊಂಚ ಹೊತ್ತು ಕಾದರೆ ಸಾಮಾನ್ಯವಾಗಿ ತಾನೇ ಶಾಂತವಾಗುತ್ತದೆ. ಬ್ರೌಸರಾಗಿದ್ದರೆ ಮರೆತು ಬಿಟ್ಟ ಟ್ಯಾಬುಗಳನ್ನೂ ಬೇಡದ ಎಕ್ಸ್‌ಟೆನ್ಷನ್‌ಗಳನ್ನೂ ತೆಗೆದುಹಾಕತಕ್ಕುದು. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್‌ಗಳನ್ನು ನೆಲೆಗೊಳಿಸುವುದಂತೂ ವ್ಯರ್ಥ ಕಾದಾಟಕ್ಕೆ ಎಡೆಮಾಡಿಕೊಟ್ಟಂತೆ. ಬಿಟ್ಟಿಯಾಗಿ ದೊರೆತ ಕಳ್ಳಪ್ರತಿಯ ತಂತ್ರಾಂಶವನ್ನು ಹಾಕಿಕೊಂಡವರು ಹೆಚ್ಚಿನ ಎಚ್ಚರದಿಂದಿರಬೇಕು: ಇನ್ನೊಬ್ಬರ ವಿದ್ಯುತ್ತಿನಲ್ಲಿ ತನ್ನೊಡೆಯನಿಗೆ ಕ್ರಿಪ್ಟೋ ನಾಣ್ಯ ಗಳಿಸಿಕೊಡುವ ಗುಪ್ತ ತಂತ್ರಾಂಶಗಳು ಅಂತಹ ಮಾರ್ಗದಿಂದಲೇ ಒಳನುಸುಳುವುದುಂಟು.

ಇನ್ನು ಪ್ರೊಸೆಸರು ಬಹುಮಟ್ಟಿಗೆ ಸುಮ್ಮನಿದ್ದೂ ಫ್ಯಾನು ಅರಚುತ್ತಿದ್ದರೆ, ದೋಷ ದಾರಿಯಲ್ಲಿದೆ ಎಂದು ತಿಳಿಯಬೇಕು. ಬೆಟ್ಟದ ಬುಡದ ಮನೆಯೊಂದರಲ್ಲಿ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪಿನ ತಳದ ಮುಚ್ಚಳವನ್ನು ಬಿಚ್ಚಿದಾಗ ನಾನು ಕಂಡದ್ದು ಇದು: ಫ್ಯಾನಿಗೂ ಲೋಹದ ಪಟ್ಟಿಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಹೆಣೆದುಕೊಂಡ ಬೂದುಬಣ್ಣದ ದೂಳು, ಅದರೊಳಗೆ ರಾಗಿಯ ಹೊಟ್ಟಿನ ಚೂರು, ತಲೆಗೂದಲು, ಹಾಸಿಗೆಯ ಹತ್ತಿಯ ಎಳೆ. ಒಕ್ಕಣೆಯ ಕಾಲದಲ್ಲಿ ಕಣದಿಂದೇಳುವ ಹೊಟ್ಟೂ, ದಾಬಸ್‌ಪೇಟೆಯ ಕಡೆ ಸಾಗುವ ಲಾರಿಗಳೆಬ್ಬಿಸುವ ದೂಳೂ ಕಿಟಕಿಯಿಂದ ಬರುವ ಮನೆಯಲ್ಲಿ, ಹಾಸಿಗೆಯ ಮೇಲಿಟ್ಟುಕೊಂಡು ಓದುವ ಯಂತ್ರಕ್ಕೆ ಬೇರೆ ಗತಿಯೇನು! ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರಿದಾಗ ಪ್ರೊಸೆಸರು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆ ಮಂದಗತಿಯನ್ನು ನಾವು ವಾರ್ಧಕ್ಯವೆಂದು ಭ್ರಮಿಸುತ್ತೇವೆ. ಯಂತ್ರವನ್ನು ಆರಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು, ಮೃದುವಾದ ಬ್ರಷ್ಷಿನಿಂದಲೂ ಬ್ಲೋಯರಿನಿಂದಲೂ ಸ್ವಚ್ಛಮಾಡಿದ ಮೇಲೆ ಆ ಲ್ಯಾಪ್‌ಟಾಪ್ ನಿಶ್ಶಬ್ದವಾಯಿತು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದಾಗಿ ಹಚ್ಚಿಸಬೇಕಾದೀತು. ಫ್ಯಾನಿನ ಬೇರಿಂಗ್ ಸವೆದಿದ್ದರೆ ಫ್ಯಾನನ್ನೇ ಬದಲಿಸಬೇಕಾದೀತು. ವಾರಂಟಿ ಇನ್ನೂ ಇದ್ದರೆ ಮನೆಯಲ್ಲಿ ಬಿಚ್ಚದೆ ತಯಾರಕರ ಸೇವಾಕೇಂದ್ರಕ್ಕೇ ಒಯ್ಯುವುದು ಲೇಸು.

ನಿಜವಾಗಿಯೂ ಮುದಿಯಾದ ಯಂತ್ರಗಳಿಲ್ಲವೆಂದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಲಿನಕ್ಸನ್ನು ಹಾಕಿಸಿಕೊಂಡು ಮತ್ತೆ ಕೆಲವು ವರ್ಷ ಓದುಬರಹಕ್ಕೆ ಬಳಸಬಹುದಾದ ಯಂತ್ರಗಳು ಅವುಗಳಲ್ಲಿ ಎಷ್ಟೋ ಇವೆ.

ದುರಸ್ತಿಯ ಹಕ್ಕಿನ ವಿಚಾರವಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಸಮಿತಿಯನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಜಾಲತಾಣವೊಂದೂ ತೆರೆಯಿತು. ಆದರೆ ತನ್ನ ಯಂತ್ರದ ರೋಗಲಕ್ಷಣವನ್ನೇ ಓದಲರಿಯದವನಿಗೆ ಆ ಹಕ್ಕಿನಿಂದ ಫಲವೇನು? ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಸರ್ಕಾರವು ಅದರೊಡನೆ ಈ ಆರೈಕೆಯನ್ನು ಸರಳ ಕನ್ನಡದಲ್ಲಿ ತಿಳಿಸುವ ಒಂದು ಕಿರುಹೊತ್ತಗೆಯನ್ನೂ ಕೊಡಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಒಕ್ಕಣೆ ಮುಗಿದ ಮೇಲೆ ಒಂದು ದಿನವನ್ನು ಇದಕ್ಕೆಂದೇ ಮೀಸಲಿಟ್ಟು, ಸಮೀಪದ ಪಾಲಿಟೆಕ್ನಿಕ್ಕಿನ ಅಧ್ಯಾಪಕರನ್ನು ಕರೆಸಿ, ಬಿಚ್ಚಿ ತೋರಿಸಿ ಕಲಿಸಲಿ. ಓದುಗರಲ್ಲಿಯೂ ನನ್ನದೊಂದು ವಿನಂತಿ: ಹೊಸದಕ್ಕೆ ಹಣವೆಣಿಸುವ ಮೊದಲು, ಟಾಸ್ಕ್ ಮ್ಯಾನೇಜರಿನ ಅಂಕಿಯನ್ನೂ ಮುಚ್ಚಳದಡಿಯ ದೂಳನ್ನೂ ನಿಮ್ಮ ಕಣ್ಣೆದುರಿಗೇ ತೋರಿಸುವಂತೆ ಅಂಗಡಿಯವರನ್ನು ಕೇಳಿರಿ.