ಒಂದು ಮೂಲೆಯ ತರಗೆಲೆ ಬಿಡಿ

ನವರಾತ್ರಿ ಮುಗಿದು ತುಲಾ ಮಳೆ ಗುಡುಗುವ ಹೊತ್ತಿಗೆ ನಮ್ಮ ಕಾಸರಗೋಡಿನ ಹಿತ್ತಿಲುಗಳಿಗೆ ನವರಂಗ ಬರುತ್ತದೆ. ಹಸಿರು ಬೆನ್ನು, ಹೊಟ್ಟೆಯಡಿ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ, ಮೋಟು ಬಾಲ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ರಾತ್ರಿ ಹಾರುತ್ತಾ ದಕ್ಷಿಣಕ್ಕೆ ಬರುವ ಹಕ್ಕಿ. ಬೆಳಗ್ಗೆ, ಸಂಜೆ ಆರರ ಸುಮಾರಿಗೆ ಕೂಗುತ್ತದೆಂದು ತಮಿಳರು ಆರು ಮಣಿ ಹಕ್ಕಿ ಎನ್ನುತ್ತಾರೆ. ಮಲಯಾಳದಲ್ಲಿ ಕಾವಿ. ನಮ್ಮ ತರಗತಿಯಲ್ಲಿ ಕೇಳಿದರೆ ಮಕ್ಕಳಿಗೆ ಮೂರು ಹೆಸರೂ ಗೊತ್ತಿಲ್ಲ. ಹಕ್ಕಿಯನ್ನು ನೋಡಿದವರೇ ಇಬ್ಬರು.

ಹಕ್ಕಿ ಬರಲೆಂದು ಕೆಲವರು ಪೇಟೆಯಿಂದ ಕಾಳು ತುಂಬುವ ಡಬ್ಬಿ ತಂದು ತೂಗುಹಾಕುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ನವರಂಗ, ಕುಂಡೆಕುಸ್ಕ, ಬಾಲದಂಡೆ ಎಲ್ಲ ಹುಳ ತಿನ್ನುವವು. ಕಾಳಿಗೆ ಬರುವುದು ಪಾರಿವಾಳ, ಕಾಗೆ, ರಾತ್ರಿಯಾದರೆ ಇಲಿ!

ನವರಂಗಕ್ಕೆ ಬೇಕಾದದ್ದು ಒದ್ದೆ ನೆಲ, ತರಗೆಲೆ. ಅದನ್ನು ಕೊಕ್ಕಿನಿಂದ ಮಗುಚಿ ಹುಳ ಹೆಕ್ಕುತ್ತದೆ. ನಾವೋ, ದೀಪಾವಳಿಗೆ ಮನೆ ಚಂದ ಕಾಣಲೆಂದು ಅದನ್ನೇ ಗುಡಿಸಿ ಸುಡುತ್ತೇವೆ. ಅಂಗಳಕ್ಕೆ ಇಂಟರ್‌ಲಾಕ್, ಬೇಲಿಯ ಬುಡಕ್ಕೆ ಕಳೆನಾಶಕ. ಹೇಳಲು ನಾಚಿಕೆ, ಶಾಲೆಯಲ್ಲಿ ಮಕ್ಕಳ ಕೈಯಲ್ಲೇ ಗುಡಿಸಿ ಬೆಂಕಿ ಹಾಕಿಸಿದವರು ನಾವು ಮಾಷ್ಟ್ರುಗಳೇ.

ವಿಷ ಎಂದರೇನೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆ, ಪಡ್ರೆಯವರು ಅನುಭವಿಸಿದ್ದಾರೆ. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಆಕಾಶದಿಂದ ಬಿದ್ದಾಗ ಬೀದಿಗಿಳಿದ ನಾವು ಈಗ ಬೆನ್ನಿಗೆ ಪಂಪು ಕಟ್ಟಿಕೊಂಡು ಸ್ವಂತ ಹಿತ್ತಿಲಿಗೆ ಬೇರೆ ವಿಷ ಬಿಡುವುದು ಯಾವ ನ್ಯಾಯ?

ತರಗೆಲೆ ಬಿಟ್ಟರೆ ಹಾವು ಸೇರುತ್ತದೆ ಎನ್ನುತ್ತಾರೆ ಮಕ್ಕಳ ತಾಯಂದಿರು. ಮಾತು ಸುಳ್ಳಲ್ಲ. ಅದಕ್ಕೇ ಮನೆಯ ಸುತ್ತ, ಮಕ್ಕಳು ನಡೆಯುವ ದಾರಿ ಗುಡಿಸಿ. ದೂರದ ಹಲಸಿನ ಬುಡವನ್ನು ಬಿಟ್ಟುಬಿಡಿ. ಪಕ್ಕದಲ್ಲಿ ಅಗಲದ ಮಣ್ಣಿನ ಚಟ್ಟಿಯಲ್ಲಿ ಎರಡು ಬೆರಳು ನೀರಿಡಿ, ಮಳೆ ನಿಂತ ಮೇಲಂತೂ ಬೇಕೇ ಬೇಕು. ದಿನಾ ಬದಲಿಸದಿದ್ದರೆ ಸೊಳ್ಳೆ ಸಾಕಿದಂತೆ. ಬೆಕ್ಕಿನ ಮೇಲೂ ಒಂದು ಕಣ್ಣಿರಲಿ.

ಕೆಲವೊಮ್ಮೆ ದಣಿದ ನವರಂಗ ಮನೆಯೊಳಗೇ ಬಂದು ಬೀಳುವುದುಂಟು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಸದ್ದಿಲ್ಲದ ಕಡೆ ಇಟ್ಟು, ಚೇತರಿಸಿದ ಮೇಲೆ ಹಿತ್ತಿಲಲ್ಲೇ ಬಿಡಿ. ಫೋಟೋಕ್ಕೆಂದು ಕೈಯಿಂದ ಕೈಗೆ ದಾಟಿಸಬೇಡಿ.

ಈ ಸಲ ಶಾಲೆಯ ಬಾವಿಯಾಚೆಯ ಮೂಲೆಗೆ ನಾವು ಹಿಡಿಸೂಡಿ ಹಾಕಿಸಿಲ್ಲ. ನಿಮ್ಮಲ್ಲಿ ನವರಂಗಕ್ಕೆ ಏನೆನ್ನುತ್ತಾರೆ? ತುಳುವೋ, ಹವ್ಯಕವೋ, ಮರಾಟಿಯೋ, ಅಜ್ಜಿಯಂದಿರನ್ನು ಕೇಳಿ ತಿಳಿಸಿ. ಮಕ್ಕಳು ಪಟ್ಟಿ ಮಾಡುತ್ತಿದ್ದಾರೆ.