ಚಿಕ್ಕಪ್ಪನ ಕಾಲಿಗೆ ಎಷ್ಟು ಮಾರ್ಕ್ಸು?

ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಚಿಕ್ಕಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಇಪ್ಪತ್ತೆರಡು ವರ್ಷ ಮೂಟೆ ಹೊತ್ತವನು. ಐದು ವರ್ಷದ ಹಿಂದೆ ಒಂದು ರಾತ್ರಿ ಲೋಡ್ ಇಳಿಸುವಾಗ ಹಿಂದಕ್ಕೆ ಬಂದ ಟ್ರಾಕ್ಟರ್ ಟ್ರೈಲರ್ ಬಲಗಾಲಿನ ಮೇಲೆ ಹತ್ತಿತು. ಮೊಣಕಾಲಿನ ಕೆಳಗೆ ಮೂಳೆ ಚೂರು ಚೂರು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಎರಡು ದಾರಿ ಹೇಳಿದ್ರು: ಕಾಲು ತೆಗೆಯೋದು, ಇಲ್ಲಾ ಉಳಿಸೋಕೆ ನೋಡೋದು. ಚಿಕ್ಕಮ್ಮ ಕೈ ಮುಗಿದು "ಹೆಂಗಾದ್ರೂ ಉಳಿಸ್ಕೊಡಿ ಸ್ವಾಮಿ" ಅಂದ್ಲು. ಕಾಲು ಕತ್ತರಿಸಿ ಅಂತ ಯಾರು ತಾನೇ ಹೇಳ್ತಾರೆ?

ಉಳಿಸಿದ್ರು. ಆ ಡಾಕ್ಟರುಗಳ ಶ್ರಮದ ಬಗ್ಗೆ ನನಗೆ ಎರಡು ಮಾತಿಲ್ಲ. ಐದು ಆಪರೇಷನ್, ಕಾಲಿನ ಸುತ್ತ ಕಬ್ಬಿಣದ ರಿಂಗು, ನಡುವೆ ಎರಡು ಸಲ ಕೀವು ತುಂಬಿ ಮತ್ತೆ ಅಡ್ಮಿಟ್. ಒಂದೂವರೆ ವರ್ಷ ಹಿಡೀತು. ಚಿಕ್ಕಮ್ಮನ ಓಲೆ ಹೋಯ್ತು, ಸಂಘದ ಸಾಲ ಬೆಳೀತು, ಪಿಯುಸಿ ಓದ್ತಿದ್ದ ಮಗ ಕಾಲೇಜು ಬಿಟ್ಟು ಅದೇ ಯಾರ್ಡಿಗೆ ಮೂಟೆ ಹೊರೋಕೆ ಹೋದ.

ಆಮೇಲೆ ಒಂದು ದಿನ ಚೆಕಪ್‌ಗೆ ಹೋದಾಗ ಕಲಿಯುತ್ತಿದ್ದ ಡಾಕ್ಟರ್ ಹುಡುಗಿಯೊಬ್ಬಳು ಫಾರ್ಮು ಹಿಡ್ಕೊಂಡು ಬಂದಳು. ಕಾಲಿಗೆ ಪೆಟ್ಟಾದವರ ಜೀವನ ಮಟ್ಟ ಅಳೆಯುವ ಸ್ಟಡಿಯಂತೆ. ಮೆಟ್ಟಿಲು ಹತ್ತೋಕೆ ತೊಂದರೆ ಇದೆಯಾ? ಒಂದು ಮೈಲಿ ನಡೀತೀರಾ? ಹೋದ ನಾಲ್ಕು ವಾರದಲ್ಲಿ ಎಷ್ಟು ಹೊತ್ತು ಸಂತೋಷವಾಗಿದ್ರಿ? ಚಿಕ್ಕಪ್ಪ ಎಲ್ಲದಕ್ಕೂ "ಚೆನ್ನಾಗಿವ್ನಿ ಡಾಕ್ಟ್ರಮ್ಮ, ಏನೂ ತೊಂದ್ರೆ ಇಲ್ಲ" ಅಂದ. ಅವಳು ಟಿಕ್ ಹಾಕ್ಕೊಂಡು ಹೋದಳು.

ಹೊರಗೆ ಬಂದ ಮೇಲೆ "ಯಾಕ್ ಚಿಕ್ಕಪ್ಪ ಸುಳ್ಳು ಹೇಳ್ದೆ?" ಅಂತ ಕೇಳಿದೆ. "ಪಾಪ, ಅಷ್ಟು ಓದಿರೋ ಮಗ, ನಮ್ಮಂಥೋರ ಕಾಲು ಮುಟ್ಟಿ ನೋಡಿದ್ಲು. ಚೆನ್ನಾಗಿಲ್ಲ ಅಂತ ಹೆಂಗ್ ಹೇಳ್ಲಿ?" ಅಂದ.

ಗೆಳೆಯರೇ, ಈ ಒಂದು ಉತ್ತರ ಯಾವ ಸಾಫ್ಟ್‌ವೇರಿಗೂ ಸಿಗಲ್ಲ. ತಲೆತಲಾಂತರದಿಂದ "ಸಿಕ್ಕಿದ್ದೇ ದೊಡ್ಡದು" ಅಂತ ಕಲಿಸಿರೋ ಜನಕ್ಕೆ ಹೋಗಿ "ನಿಮಗೆ ತೃಪ್ತಿ ಇದೆಯಾ?" ಅಂತ ಕೇಳಿದರೆ "ಇದೆ" ಅಂತಲೇ ಹೇಳ್ತಾರೆ. ಮನುಷ್ಯ ನಿರೀಕ್ಷೆ ಇಟ್ಟುಕೊಳ್ಳದಿದ್ದರೆ ಸ್ಕೋರು ಮೇಲಕ್ಕೆ ಹೋಗುತ್ತೆ. ಅದು ನೆಮ್ಮದಿಯ ಅಳತೆಯಲ್ಲ, ಅಭ್ಯಾಸದ ಅಳತೆ.

ಪ್ರಶ್ನೆಗಳು ಎಲ್ಲಿ ಹುಟ್ಟಿದವು ಅನ್ನೋದನ್ನೂ ನೋಡಬೇಕು. ಎಸ್‌ಎಫ್-36 ಅಂತ ಅಮೆರಿಕದ ಒಂದು ಪ್ರಶ್ನಾವಳಿ ಇದೆ. 36 ಪ್ರಶ್ನೆ. ಜಗತ್ತಿನ ತುಂಬಾ ಬಳಕೆಯಲ್ಲಿದೆ. ಮಧ್ಯಮ ಶ್ರಮದ ಕೆಲಸಕ್ಕೆ ಅದರ ಮೂಲದಲ್ಲಿ ಕೊಟ್ಟಿರೋ ಉದಾಹರಣೆ: ಟೇಬಲ್ ಸರಿಸೋದು, ವ್ಯಾಕ್ಯೂಮ್ ಕ್ಲೀನರ್ ತಳ್ಳೋದು, ಬೌಲಿಂಗ್, ಗಾಲ್ಫ್ ಆಡೋದು! ಅನುವಾದ ಮಾಡೋರು ಗಾಲ್ಫ್ ತೆಗೆದು ಬೇರೇನೋ ಹಾಕಬಹುದು. ಆದರೆ ನೆಲದ ಮೇಲೆ ಕೂತು ಉಣ್ಣೋ, ಕುಕ್ಕರುಗಾಲಲ್ಲಿ ಕಕ್ಕಸಿಗೆ ಕೂರೋ, ಬೀದಿ ನಲ್ಲಿಯಿಂದ ನೀರು ಹೊರೋ ಬದುಕು ಅದರ ಚೌಕಟ್ಟಿನಲ್ಲೇ ಇಲ್ಲ. ಚಿಕ್ಕಪ್ಪನ ಮೊಣಕಾಲು ಪೂರ್ತಿ ಮಡಚಲ್ಲ. ಬೆಳಗಿನ ಹೊತ್ತು ಗೋಡೆ ಹಿಡ್ಕೊಂಡು, ಒಂದು ಕಾಲು ಚಾಚಿಕೊಂಡು ಅವನು ಪಡೋ ಪಾಡು ಯಾವ ಕಾಲಂನಲ್ಲೂ ಬರಲಿಲ್ಲ. ಮೆಟ್ಟಿಲು ಹತ್ತೀರಾ ಅಂತ ಕೇಳಿದ್ರು. ಯಾವ ಮೆಟ್ಟಿಲು ಹತ್ತೋಕೆ ಬಿಡ್ತಾರೆ ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ಅಳತೆ ಅಂಗವೈಕಲ್ಯದ ಸರ್ಟಿಫಿಕೇಟಿನದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40 ಅನ್ನೋ ಗೆರೆ ಇದೆ. ನಮ್ಮಲ್ಲಿ ಪೆನ್ಷನ್ನಿಗೂ ಬಸ್ ಪಾಸಿಗೂ ಅದೇ ಗೆರೆ. ಕೀಲು ಎಷ್ಟು ಮಡಚುತ್ತೆ, ಕಾಲು ಎಷ್ಟು ಗಿಡ್ಡ ಆಗಿದೆ ಅಂತೆಲ್ಲ ಅಳೆದು ಚಿಕ್ಕಪ್ಪನಿಗೆ ಕೊಟ್ಟಿದ್ದು 35. ಮೊಣಕಾಲಿನ ಕೆಳಗೆ ಕಾಲೇ ಹೋಗಿದ್ದರೆ 40 ಆರಾಮಾಗಿ ದಾಟುತ್ತಿತ್ತು. ಕಾಲು ಇದೆ, ಆದರೆ ಮೂಟೆ ಹೊರೋಕೆ ಆಗಲ್ಲ. ಮೂಟೆ ಹೊರೋಕೆ ಆಗಲ್ಲ, ಆದರೆ ಪೆನ್ಷನ್ ಇಲ್ಲ. ಫಾರ್ಮಿನ ಪ್ರಕಾರ ಚೆನ್ನಾಗಿದ್ದಾನೆ, ಬೋರ್ಡಿನ ಪ್ರಕಾರ ಅಂಗವಿಕಲ ಅಲ್ಲ. ಮನೆಯಲ್ಲಿ ಮಾತ್ರ ಒಲೆ ಉರೀತಿಲ್ಲ.

ಹಾಗಂದ್ರೆ ಕಾಲು ತೆಗೆಸಬೇಕಿತ್ತಾ? ನಾನು ಹಾಗೆ ಹೇಳ್ತಿಲ್ಲ. ಈ ಪ್ರಶ್ನೆಯನ್ನೇ ಇಟ್ಟುಕೊಂಡು ಅಮೆರಿಕದಲ್ಲಿ ಲೀಪ್ ಅನ್ನೋ ದೊಡ್ಡ ಅಧ್ಯಯನ ನಡೀತು. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಕಾಲಿಗೆ ಭಾರೀ ಪೆಟ್ಟಾದ 569 ಜನರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದ್ರು. ಕಾಲು ಉಳಿಸಿಕೊಂಡವರಿಗೂ ಕತ್ತರಿಸಿಕೊಂಡವರಿಗೂ ಒಟ್ಟು ಸ್ಕೋರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೆಲಸಕ್ಕೆ ವಾಪಸ್ ಹೋದವರು ಕತ್ತರಿಸಿಕೊಂಡವರಲ್ಲಿ ಶೇ. 53, ಉಳಿಸಿಕೊಂಡವರಲ್ಲಿ ಶೇ. 49.4. ಉಳಿಸಿಕೊಂಡವರು ಮತ್ತೆ ಆಸ್ಪತ್ರೆ ಸೇರಿದ್ದು ಮಾತ್ರ ಜಾಸ್ತಿ: ಶೇ. 47.6, ಇನ್ನೊಂದು ಕಡೆ ಶೇ. 33.9.

ಹಾಗಾದ್ರೆ ಯಾರ ಸ್ಥಿತಿ ಕೆಟ್ಟಿತ್ತು? ಈ ಪಟ್ಟಿ ಗಮನವಿಟ್ಟು ಓದಿ. ಬಡವರು. ಕಡಿಮೆ ಓದಿದವರು. ಬಿಳಿಯರಲ್ಲದವರು. ಖಾಸಗಿ ಇನ್ಶೂರೆನ್ಸ್ ಇಲ್ಲದವರು. ಆಸರೆಗೆ ಜನ ಇಲ್ಲದವರು. ಧೂಮಪಾನ, ಮತ್ತೆ ಮತ್ತೆ ಆಸ್ಪತ್ರೆ ಸೇರೋದು, ಪರಿಹಾರದ ಕೋರ್ಟು ಕೇಸು, ತನ್ನಿಂದಾಗುತ್ತೆ ಅನ್ನೋ ನಂಬಿಕೆ ಕಮ್ಮಿ ಇರೋದು, ಇವೂ ಪಟ್ಟಿಯಲ್ಲಿದ್ದವು. ಕಾಲು ಉಳೀತೋ ಹೋಯ್ತೋ ಅನ್ನೋದಕ್ಕಿಂತ, ಆ ಕಾಲು ಯಾರದ್ದು ಅನ್ನೋದು ಬದುಕನ್ನು ಹೆಚ್ಚು ತೀರ್ಮಾನಿಸಿತ್ತು.

ಇದು ಗೊತ್ತಾಗಿದ್ದು ಹೇಗೆ? ಅವರ ದಾಖಲೆಯಲ್ಲಿ ಜನಾಂಗ ಅಂತ ಒಂದು ಕಾಲಂ ಇತ್ತು. ಚಿಕ್ಕಪ್ಪನ ಫಾರ್ಮಿನಲ್ಲಿ ಜಾತಿ ಕಾಲಂ ಇರಲಿಲ್ಲ. ಊರಿಗೆ ಹೊಸಬರು ಬಂದರೆ ಮೊದಲು ಜಾತಿ ಕೇಳುವ ದೇಶದಲ್ಲಿ, ನೋವಿನ ಲೆಕ್ಕ ಬರೆಯುವಾಗ ಮಾತ್ರ ಎಲ್ಲರೂ ಬರೀ "ರೋಗಿ" ಆಗಿಬಿಡ್ತೀವಿ. ಬರೆದುಕೊಳ್ಳದಿದ್ದರೆ ಭೇದ ಕಾಣಲ್ಲ. ಕಾಣದಿದ್ದರೆ ಅದು ಇಲ್ಲ ಅಂತ ಹೇಳೋದು ಸುಲಭ.

ಕೆಲವರು ಹೇಳಬಹುದು, ಎಲ್ಲದರಲ್ಲೂ ಜಾತಿ ಯಾಕೆ ಎಳೀತೀರಿ, ಡಾಕ್ಟರುಗಳಿಗೆ ಹೋಲಿಸಿ ನೋಡೋಕೆ ಒಂದು ಅಳತೆ ಬೇಡವೇ ಅಂತ. ಬೇಕು. ಅಂಕಿಅಂಶ ನಮ್ಮ ಶತ್ರು ಅಲ್ಲ. 1923ರಲ್ಲೇ ರೂಪಾಯಿಯ ಸಮಸ್ಯೆ ಮೇಲೆ ಪುಸ್ತಕ ಬರೆದ ಬಾಬಾಸಾಹೇಬರ ಮಕ್ಕಳು ನಾವು. ಅಳೀಬೇಡಿ ಅಂತ ಹೇಳ್ತಿಲ್ಲ. ಸರಿಯಾಗಿ ಅಳೀರಿ ಅಂತಿದೀವಿ.

ಸರಿಯಾಗಿ ಅಳೆದ ಉದಾಹರಣೆಗಳೂ ಇವೆ. 1960ರ ದಶಕದ ಕೊನೆಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಜೈಪುರ ಕಾಲು ಮಾಡಿದರು. ಆಗಿನ ವಿದೇಶಿ ಮಾದರಿಯ ಕಾಲಿಗೆ ಬೂಟು ಬೇಕಿತ್ತು, ಅದರಲ್ಲಿ ಕುಕ್ಕರುಗಾಲಲ್ಲಿ ಕೂರೋಕೆ ಆಗ್ತಿರಲಿಲ್ಲ. ಇವರು ನಮ್ಮ ಜನ ಹೇಗೆ ಬದುಕ್ತಾರೆ ಅಂತ ಮೊದಲು ನೋಡಿದ್ರು. ಬರಿಗಾಲಲ್ಲಿ ನಡೆಯೋ, ಚಕ್ಕಳಮಕ್ಕಳ ಹಾಕೋ, ಕೆಸರುಗದ್ದೆಗೆ ಇಳಿಯೋ ಕಾಲು ಬಂತು. ಪ್ರಶ್ನೆ ಸರಿ ಇದ್ದಿದ್ದಕ್ಕೆ ಉತ್ತರ ಸರಿ ಬಂತು.

ಕೋರ್ಟಿನಲ್ಲೂ ಇಂಥದ್ದು ನಡೆದಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ನಮ್ಮ ರಾಜ್ಯದ ಒಬ್ಬ ತರಕಾರಿ ವ್ಯಾಪಾರಿಯ ಕೇಸು. ತರಕಾರಿ ಮಾರಬಹುದಲ್ಲ ಅಂತ ಹೈಕೋರ್ಟು ನಷ್ಟವನ್ನು ಶೇ. 65ಕ್ಕೆ ಇಳಿಸಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ. 85 ಮಾಡಿತು. ದೇಹದ ಪರ್ಸೆಂಟೇಜ್ ಬೇರೆ, ದುಡಿಮೆಯ ಪರ್ಸೆಂಟೇಜ್ ಬೇರೆ. ಗುಮಾಸ್ತರ ಕಾಲಿಗೂ ಹಮಾಲಿಯ ಕಾಲಿಗೂ ಒಂದೇ ತಕ್ಕಡಿ ನಡೆಯಲ್ಲ. ಪರಿಹಾರದ ಕೇಸಿನಲ್ಲಿ ಒಪ್ಪಿಕೊಂಡಿರೋ ಈ ಮಾತು ಸರ್ಟಿಫಿಕೇಟ್ ಕೊಡೋ ಬೋರ್ಡಿಗೆ ಯಾಕೆ ಬರಬಾರದು?

ನಮ್ಮ ಬೇಡಿಕೆ ಇಷ್ಟೇ:

1. ಕುಕ್ಕರುಗಾಲು, ನೆಲ, ನೀರು, ಕಕ್ಕಸು, ಬಸ್ಸಿನ ಫುಟ್‌ಬೋರ್ಡು. ಇವು ಪ್ರಶ್ನಾವಳಿಯಲ್ಲಿ ಬರಲಿ.
2. ಮೊದಲು ಯಾವ ಕೆಲಸ, ಈಗ ಯಾವ ಕೆಲಸ, ಮನೆಯಲ್ಲಿ ಯಾರು ಓದು ಬಿಟ್ಟರು ಅಂತ ಕೇಳಲಿ.
3. ಜಾತಿ ದಾಖಲಾಗಲಿ, ಹೆಸರು ಗುಟ್ಟಾಗಿರಲಿ.
4. ಆಸ್ಪತ್ರೆ ಬೆಂಚಿನ ಮೇಲಲ್ಲ, ಕೇರಿಗೆ ಬಂದು, ಮನೆ ಜಗಲಿ ಮೇಲೆ ಕೂತು ಕೇಳಲಿ. ಚಿಕಿತ್ಸೆ ಕೊಟ್ಟವರ ಎದುರಿಗೆ ನಮ್ಮವರು ನಿಜ ಹೇಳಲ್ಲ.
5. ಉಳಿಸಿದ ಕಾಲಿಗೂ, ದುಡಿಮೆ ನೋಡಿ ಸರ್ಟಿಫಿಕೇಟ್ ಸಿಗಲಿ.

ನಿಮ್ಮ ಊರಲ್ಲೂ 40ರ ಗೆರೆಯ ಕೆಳಗೆ ಬಿದ್ದವರು ಇರ್ತಾರೆ. ಹೋಗಿ ಮಾತಾಡಿಸಿ, ಬರ್ಕೊಳ್ಳಿ. ಆ ಪಟ್ಟಿ ನಾವೇ ಮಾಡಬೇಕು.

ಹೋದ ವಾರ ಚಿಕ್ಕಪ್ಪನ್ನ ಮತ್ತೆ ಕೇಳಿದೆ, ಜಗಲಿ ಮೇಲೆ ಕೂತು, ಫಾರ್ಮಿಲ್ಲದೆ. ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ ಅಂದ: "ಕಾಲು ನೋಯೋದು ಹಂಗಿರ್ಲಿ ಕಣ್ಲಾ. ಮಗ ಸಾಯಂಕಾಲ ಬೆನ್ನು ಹಿಡ್ಕೊಂಡು ಬತ್ತಾನಲ್ಲ, ಅದನ್ನ ನೋಡಕಾಗಲ್ಲ."

ಇದಕ್ಕೆ ಎಷ್ಟು ಮಾರ್ಕ್ಸು ಹಾಕ್ತೀರಿ?

ಜೈ ಭೀಮ್.