ತಕ್ಕಡಿಯ ಮೇಲೊಂದು ಬೆರಳು

ಫ್ರಾನ್ಸ್ ಪ್ರವಾಸ ಮುಗಿಸಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೋಂಕ್ ಎಂಬ ಪುಟ್ಟ ಹಳ್ಳಿಯ ಚಿತ್ರಗಳನ್ನು ತೋರಿಸಿದ. ಅಲ್ಲಿ ಪೂಜ್ಯವಾಗಿರುವ ಅಸ್ಥಿಗಳು ಕದ್ದು ತಂದವು ಎಂದು ತಿಳಿಸಿ, "ಕದ್ದದ್ದೇ ಒಳ್ಳೆಯದಾಯಿತಲ್ಲವೇ ಮೇಷ್ಟ್ರೇ?" ಎಂದ. ಅಂದು ನಕ್ಕು ಸುಮ್ಮನಾದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಂಕ್ ಇರುವುದು ಲೆ ಪ್ವಿ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊಗೆ ಸಾಗುವ ಕ್ರೈಸ್ತ ಯಾತ್ರಾಮಾರ್ಗದಲ್ಲಿ. ಒಂಬತ್ತನೆಯ ಶತಮಾನದಲ್ಲಿ ಇಲ್ಲಿನ ಮಠಕ್ಕೆ ಭಕ್ತರನ್ನು ಸೆಳೆಯಬಲ್ಲ ಅವಶೇಷವೊಂದು ಬೇಕಿತ್ತು. ಆಜಾಂ ಪಟ್ಟಣದಲ್ಲಿ ಫ್ವಾ ಎಂಬ ಬಾಲಹುತಾತ್ಮೆಯ ಅಸ್ಥಿಗಳಿದ್ದವು. ಮಠದ ಕಥನವೇ ಹೇಳುವಂತೆ, ಕೋಂಕ್‌ನ ಸನ್ಯಾಸಿಯೊಬ್ಬ ಅಲ್ಲಿಗೆ ಹೋಗಿ, ವರ್ಷಗಟ್ಟಲೆ ಇದ್ದು ನಂಬಿಕೆ ಗಳಿಸಿ, ಗೋರಿಯ ಕಾವಲೇ ತನಗೆ ಒಪ್ಪಿಸಲ್ಪಟ್ಟ ಮೇಲೆ, 866ರ ಸುಮಾರಿಗೆ ಅವುಗಳನ್ನು ಕದ್ದು ತಂದ. ಆ ಕಾಲದ ಬರಹಗಾರರು ಇಂಥದ್ದನ್ನು ‘ಸ್ಥಳಾಂತರ’ವೆಂದು ಕರೆದರು, ಸಂತರ ಸಮ್ಮತಿಯಿಲ್ಲದೆ ಅಸ್ಥಿಗಳು ಕದಲುತ್ತಲೇ ಇರಲಿಲ್ಲವೆಂದು ವಾದಿಸಿದರು. ನಕಲು ಮಾಡಿ ಸಿಕ್ಕಿಬಿದ್ದ ಹುಡುಗ, "ಪುಸ್ತಕಕ್ಕೆ ಇಷ್ಟವಿಲ್ಲದಿದ್ದರೆ ಅದು ತೆರೆದುಕೊಳ್ಳುತ್ತಿತ್ತೇ?" ಎಂದರೆ ನಾವು ಒಪ್ಪುತ್ತೇವೆಯೇ?

ಫಲ ದೊಡ್ಡದೇ, ಅಲ್ಲಗಳೆಯುವುದಿಲ್ಲ. ಯಾತ್ರಿಕರು ಬಂದರು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಭವ್ಯವಾದ ದೇವಾಲಯ ಎದ್ದಿತು. 1998ರಲ್ಲಿ ಯುನೆಸ್ಕೋ ಅದನ್ನು ಯಾತ್ರಾಮಾರ್ಗದ ಭಾಗವಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಫಲ ಸಿಹಿಯಾದ ಮಾತ್ರಕ್ಕೆ ಬೇಲಿ ಹಾರಿದ್ದು ಧರ್ಮವಾಗದು.

ಇದನ್ನು ಆ ದೇವಾಲಯದ ಬಾಗಿಲೇ ಸಾರುತ್ತದೆ. ನೆತ್ತಿಯ ಮೇಲೆ ಅಂತಿಮ ತೀರ್ಪಿನ ಶಿಲ್ಪ, ನೂರಕ್ಕೂ ಹೆಚ್ಚು ಆಕೃತಿಗಳು. ನಡುವೆ ದೇವದೂತ ಮಿಖಾಯೇಲ ಆತ್ಮಗಳನ್ನು ತೂಗುತ್ತಿದ್ದರೆ, ಎದುರಿನ ದೆವ್ವ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತುತ್ತಿದೆ. "ಕೊನೆಗೆ ಒಳ್ಳೆಯದಾಯಿತಲ್ಲ" ಎಂಬ ಸಮಾಧಾನವೂ ಅದೇ ಬೆರಳು.

ಇನ್ನು ಆ ಊರಿನ ನಿಜವಾದ ಪುಣ್ಯಕಥೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳ ಚಿನ್ನ ಬೆಳ್ಳಿ ಕುಲುಮೆಗೆ ಹೋಗುತ್ತಿತ್ತು. ಕೋಂಕ್‌ನ ಸಾಮಾನ್ಯ ಜನ ಮಠದ ನಿಧಿಯನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟರು. ಭಯ ಕಳೆದ ಮೇಲೆ ಮರಳಿ ತಂದೊಪ್ಪಿಸಿದರು. ಫ್ವಾಳ ಸ್ವರ್ಣವಿಗ್ರಹ ಇಂದಿಗೂ ಅಲ್ಲಿ ಕುಳಿತಿದೆ. ಅವರೂ ಬಚ್ಚಿಟ್ಟವರೇ ಅಲ್ಲವೇ ಎನ್ನಬಹುದು. ಹೌದು, ಆದರೆ ತಮಗಾಗಿ ಅಲ್ಲ. ಸನ್ಯಾಸಿ ಒಪ್ಪಿಸಿದ್ದನ್ನು ಕದ್ದ. ರೈತರು ಯಾರೂ ಒಪ್ಪಿಸದಿದ್ದುದನ್ನೂ ಕಾಯ್ದರು.

ಮಗು, ಮುಂದಿನ ಸಲ ಯಾರಿಗಾದರೂ ಆ ಚಿತ್ರಗಳನ್ನು ತೋರಿಸುವಾಗ ಕಳ್ಳನ ಕಥೆಗೆ ನಿಲ್ಲಿಸಬೇಡ. ಆ ಮನೆಗಳನ್ನೂ ತೋರಿಸು.